ಕಲ್ಲಿನ ಸಿಂಹ, ಗುರಾಣಿಯ ಹಕ್ಕಿ: ಶಾಲೆಯ ಚಾರ್ಟಿನಲ್ಲಿ ರಾಷ್ಟ್ರ ಲಾಂಛನ ಮತ್ತು ರಾಜ್ಯ ಲಾಂಛನ ಬರೆಯುವ ಬಗೆ

ಜನವರಿ ಎರಡನೇ ವಾರ ಕಳೆಯಿತೆಂದರೆ ತುಮಕೂರಿನ ಎಂ.ಜಿ. ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಡ್ರಾಯಿಂಗ್ ಶೀಟು ಕೊಳ್ಳುವವರ ಸಾಲು ಶುರು. ಗಣರಾಜ್ಯೋತ್ಸವದ ದಿನ ತರಗತಿಯಲ್ಲಿ ನೇತುಹಾಕುವುದಕ್ಕೆ, ಸಮಾಜ ವಿಜ್ಞಾನದ ವಸ್ತುಪ್ರದರ್ಶನಕ್ಕೆ ಮಕ್ಕಳು ಬರೆದು ತರುವ ಚಾರ್ಟುಗಳಲ್ಲಿ ರಾಷ್ಟ್ರ ಲಾಂಛನ ಇದ್ದೇ ಇರುತ್ತದೆ. ಹತ್ತು ಚಾರ್ಟು ತೆಗೆದುನೋಡಿದರೆ ತಪ್ಪುಗಳೂ ಹೆಚ್ಚುಕಡಿಮೆ ಅವೇ: ಚಕ್ರಕ್ಕೆ ಹದಿನಾರೇ ಕಡ್ಡಿ, ಪೀಠದ ಎರಡೂ ಕಡೆ ಕುದುರೆ, ಕೆಳಗೆ ಗಂಟೆಯಾಕಾರದ ತಾವರೆ, ಧ್ಯೇಯವಾಕ್ಯದಲ್ಲಿ 'ಮೇ' ಹೋಗಿ 'ಮೈ'. ಈ ತಪ್ಪುಗಳು ಮಕ್ಕಳ ಕೈಯಿಂದಲ್ಲ, ಎದುರಿಗಿಟ್ಟುಕೊಂಡ ಮಾದರಿಯಿಂದ ಮತ್ತು ಕೆಲಸದ ಕ್ರಮದಿಂದ ಹುಟ್ಟುವಂಥವು. ಅವೆರಡನ್ನೂ ಸರಿಮಾಡುವ ಬಗೆ ಇಲ್ಲಿದೆ. ಜೊತೆಗೆ ನಮ್ಮ ರಾಜ್ಯ ಲಾಂಛನವನ್ನೂ ಬರೆಯೋಣ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಲಾಂಛನವೆಂದರೇನು ಎಂಬುದು ಮಕ್ಕಳಿಗೆ ಹತ್ತುವುದು.

ಪೆನ್ಸಿಲ್ ಹಿಡಿಯುವ ಮೊದಲು ಒಂದು ವ್ಯತ್ಯಾಸ ತಲೆಯಲ್ಲಿರಲಿ. ರಾಷ್ಟ್ರ ಲಾಂಛನ ಒಂದು ಶಿಲ್ಪದ ಮುಂಬದಿಯ ನೋಟ. ಅದರಲ್ಲಿ ಗುರಾಣಿ ಇಲ್ಲ, ಬಣ್ಣದ ಹಂಚಿಕೆಯೂ ಇಲ್ಲ. ರಾಜ್ಯ ಲಾಂಛನ ಹಾಗಲ್ಲ. ಅದು ಯುರೋಪಿನ ಅರಸುಮನೆಗಳ ಪದ್ಧತಿಯಂತೆ ನಡುವೆ ಗುರಾಣಿ, ಪಕ್ಕದಲ್ಲಿ ಕಾವಲು ಮೃಗ, ಮೇಲೆ ಶಿಖರ, ಕೆಳಗೆ ಧ್ಯೇಯವಾಕ್ಯ ಎಂದು ಜೋಡಿಸಿದ ರಚನೆ. ಚೌಕಟ್ಟು ಅಲ್ಲಿಯದು, ಒಳಗಿರುವ ಹಕ್ಕಿ, ಮೃಗಗಳು ನಮ್ಮವು. ಹಾಗಾಗಿ ಮೊದಲನೆಯದನ್ನು ಕಲ್ಲಿನಂತೆ ಒಂದೇ ಬಣ್ಣದ ಗೆರೆ, ನೆರಳಿನಲ್ಲಿ ಬರೆಯಬೇಕು. ಎರಡನೆಯದಕ್ಕೆ ಚಪ್ಪಟೆ ಬಣ್ಣ ತುಂಬಬೇಕು. ಇದನ್ನು ಮರೆತವರು ಸಿಂಹಕ್ಕೆ ಹಳದಿ ಹಚ್ಚಿ, ಗಂಡಭೇರುಂಡಕ್ಕೆ ನೆರಳು ಕೊಟ್ಟು ಎರಡನ್ನೂ ಕೆಡಿಸುತ್ತಾರೆ.

ಕಲ್ಲು ಏನು ಹೇಳುತ್ತದೆ

ಮೂಲ ಶಿಲ್ಪ ಅಶೋಕನ ಕಾಲದ್ದು, ಸುಮಾರು ಕ್ರಿ.ಪೂ. 250ರದು. 1904-05ರಲ್ಲಿ ಎಫ್.ಒ. ಓರ್ಟೆಲ್ ಸಾರನಾಥದಲ್ಲಿ ನಡೆಸಿದ ಉತ್ಖನನದಲ್ಲಿ ಸಿಕ್ಕಿತು. ಚುನಾರದ ಮರಳುಗಲ್ಲಿನಲ್ಲಿ ಕಡೆದು ಕನ್ನಡಿಯಂತೆ ಹೊಳಪು ಕೊಟ್ಟ, ಎರಡು ಮೀಟರಿಗೆ ತುಸು ಮೇಲ್ಪಟ್ಟ ಎತ್ತರದ ಈ ಸ್ತಂಭಶೀರ್ಷ ಈಗ ಸಾರನಾಥದ ವಸ್ತುಸಂಗ್ರಹಾಲಯದಲ್ಲಿದೆ. ಅಶೋಕನೆಂದರೆ ದೂರದ ಉತ್ತರದವನು ಎಂದು ಮಕ್ಕಳು ಅಂದುಕೊಂಡಿದ್ದರೆ ಒಂದು ಮಾತು ಹೇಳಿ: ನಮ್ಮ ಜಿಲ್ಲೆಗೆ ಅಂಟಿಕೊಂಡಿರುವ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅವನ ಶಾಸನಗಳಿವೆ. ಬಿ.ಎಲ್. ರೈಸ್ ಅವನ್ನು ಗುರುತಿಸಿದ್ದು 1892ರಲ್ಲಿ.

ಶಿಲ್ಪದಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೆ ಮುಖ ಮಾಡಿವೆ. ಅವು ನಿಂತಿರುವ ದುಂಡು ಪೀಠದ ಸುತ್ತ ಆನೆ, ಓಡುವ ಕುದುರೆ, ಗೂಳಿ, ಸಿಂಹ. ಒಂದೊಂದು ಪ್ರಾಣಿಯ ನಡುವೆ ಒಂದೊಂದು ಚಕ್ರ. ಪೀಠದ ಕೆಳಗೆ ಬೋರಲು ಗಂಟೆಯಂಥ ತಾವರೆ. 1950ರ ಜನವರಿ 26ರಂದು ಲಾಂಛನವಾಗಿ ಅಂಗೀಕರಿಸಿದಾಗ ಆ ತಾವರೆಯನ್ನು ಕೈಬಿಟ್ಟರು. ಮುಂದಿನಿಂದ ನೋಡಿದರೆ ಸಿಂಹಗಳು ಮೂರೇ ಕಾಣುತ್ತವೆ, ನಾಲ್ಕನೆಯದು ಹಿಂದೆ. ಪೀಠದ ನಡುವೆ ಪೂರ್ತಿ ಚಕ್ರ, ನೋಡುವವರ ಎಡಕ್ಕೆ ಕುದುರೆ, ಬಲಕ್ಕೆ ಗೂಳಿ. ಎರಡೂ ತುದಿಯಲ್ಲಿ ಇನ್ನೆರಡು ಚಕ್ರಗಳ ಅಂಚು ಮಾತ್ರ. ಆನೆ ಮತ್ತು ಪೀಠದ ಸಿಂಹ ಹಿಂಬದಿಗೆ ಹೋದವು, ಆದ್ದರಿಂದ ಲಾಂಛನದಲ್ಲಿ ಆನೆ ಬರೆದರೆ ತಪ್ಪು.

ಎಡ–ಬಲದ ವಿಷಯದಲ್ಲಿ ಇಂಟರ್ನೆಟ್ಟಿನಲ್ಲಿ ಓದಿದವರು ಎಡವುವುದುಂಟು. ಯುರೋಪಿನ ಲಾಂಛನಶಾಸ್ತ್ರದಲ್ಲಿ 'ಬಲ' ಎಂದರೆ ಗುರಾಣಿ ಹಿಡಿದವನ ಬಲ, ಅಂದರೆ ನಮ್ಮ ಎಡ. ನಮ್ಮ ಲಾಂಛನದ ಸರ್ಕಾರಿ ವಿವರಣೆಯಲ್ಲಿ ಬರುವ ಬಲ ನೋಡುವವರದೇ ಬಲ. ಗೂಳಿ ನಿಮ್ಮ ಬಲಗೈ ಕಡೆಗೆ ಬಂದರೆ ಚಿತ್ರ ನೆಟ್ಟಗಿದೆ. ಎಡಕ್ಕೆ ಬಂದರೆ ಟ್ರೇಸಿಂಗ್ ಕಾಗದ ಬೋರಲಾಗಿದೆ.

ಅರ್ಥದ ಕಡೆಗೆ ಬಂದರೆ, ಚಕ್ರದ ಬಗ್ಗೆ ಅನುಮಾನವಿಲ್ಲ. ಬುದ್ಧ ಮೊದಲ ಬೋಧನೆ ಮಾಡಿದ ಜಾಗ ಸಾರನಾಥ, ಅದನ್ನು ಧರ್ಮಚಕ್ರ ಪ್ರವರ್ತನ ಎನ್ನುತ್ತಾರೆ. ಸಿಂಹಕ್ಕೂ ಬುದ್ಧನಿಗೂ ನಂಟಿದೆ, ಶಾಕ್ಯಸಿಂಹ ಎಂಬುದು ಅವನದೇ ಹೆಸರು. ನಾಲ್ಕು ದಿಕ್ಕಿಗೆ ತೆರೆದ ಬಾಯಿ ಆ ಬೋಧನೆ ಎಲ್ಲೆಡೆಗೂ ಕೇಳಲಿ ಎಂಬ ಸೂಚನೆ ಎನ್ನುವುದು ಒಪ್ಪುವ ಮಾತು. ಪೀಠದ ಪ್ರಾಣಿಗಳ ವಿಷಯದಲ್ಲಿ ಮಾತ್ರ ತುಸು ಜೋಪಾನ. ಆನೆ ಬುದ್ಧನ ತಾಯಿ ಮಾಯಾದೇವಿ ಕಂಡ ಕನಸಿನದು, ಕುದುರೆ ಬುದ್ಧ ಮನೆ ಬಿಟ್ಟ ರಾತ್ರಿ ಏರಿದ್ದ ಕಂಥಕ ಎಂದು ಕೆಲವರು ಹೇಳಿದರೆ, ನಾಲ್ಕೂ ನಾಲ್ಕು ದಿಕ್ಕುಗಳ ಗುರುತು ಎಂದು ಇನ್ನು ಕೆಲವರು. ಚಾರ್ಟಿನಲ್ಲಿ 'ಗೂಳಿ = ಶ್ರಮ, ಕುದುರೆ = ವೇಗ' ಎಂದು ಗಣಿತದ ಸಮೀಕರಣದಂತೆ ಬರೆಯುವ ಅಭ್ಯಾಸ ಬಿಡಿ. 'ಹೀಗೂ ವಿವರಿಸುತ್ತಾರೆ' ಎಂದು ಬರೆದರೆ ಸುಳ್ಳಾಗುವುದಿಲ್ಲ, ತೀರ್ಪುಗಾರರ ಪ್ರಶ್ನೆಗೆ ಮಗು ತಡವರಿಸುವುದೂ ಇಲ್ಲ.

ಮಾದರಿ ಎಲ್ಲಿಂದ

ಕೇಂದ್ರ ಗೃಹ ಸಚಿವಾಲಯದ ಜಾಲತಾಣದಲ್ಲಿ ಲಾಂಛನ ಬಳಕೆಯ 2005ರ ಕಾಯ್ದೆಯೂ 2007ರ ನಿಯಮಗಳೂ ಇವೆ. ಕಾಯ್ದೆಯ ಕೊನೆಯಲ್ಲಿ ಎರಡು ಅನುಬಂಧ. ಮೊದಲನೆಯದು ಲೆಟರ್‌ಹೆಡ್, ಮೊಹರಿನಂಥ ಸಣ್ಣ ಅಳತೆಗೆ ಸರಳಗೊಳಿಸಿದ ಚಿತ್ರ. ಎರಡನೆಯದು ದೊಡ್ಡದಾಗಿ ಬರೆಯುವುದಕ್ಕೆ ವಿವರ ಹೆಚ್ಚಿರುವ ಚಿತ್ರ. ಚಾರ್ಟಿಗೆ ಬೇಕಾದದ್ದು ಎರಡನೆಯದು. ಮೊದಲನೆಯದನ್ನು ಹಿಗ್ಗಿಸಿದರೆ ಸಿಂಹದ ಕೇಸರ ಬೋಳುಬೋಳಾಗಿ ಕಾಣುತ್ತದೆ. ಆಗ ಮಕ್ಕಳು ಅಲ್ಲಿ ತಮಗೆ ತೋಚಿದ ಗುಂಗುರು ತುಂಬುತ್ತಾರೆ.

ಮಾದರಿಯಾಗಿ ಇಟ್ಟುಕೊಳ್ಳಬಾರದ ಚಿತ್ರಗಳು ಮೂರು. ಸಾರನಾಥದ ಮೂಲ ಶಿಲ್ಪದ ಫೋಟೊ ಮೊದಲನೆಯದು. ಅದರಲ್ಲಿ ತಾವರೆ ಇದೆ, ಅಲ್ಲಲ್ಲಿ ಮುಕ್ಕಾಗಿದೆ, ಧ್ಯೇಯವಾಕ್ಯವಿಲ್ಲ. ಎರಡನೆಯದು ಹೊಸ ಸಂಸತ್ ಭವನದ ಮೇಲಿನ ಕಂಚಿನ ಲಾಂಛನದ ಫೋಟೊ. 6.5 ಮೀಟರ್ ಎತ್ತರ, 9,500 ಕಿಲೊ ತೂಕದ ಅದು 2022ರ ಜುಲೈನಲ್ಲಿ ಅನಾವರಣಗೊಂಡಾಗ ಸಿಂಹಗಳ ಮುಖ ಉಗ್ರವಾಯಿತೇ ಎಂಬ ಚರ್ಚೆಯೇ ನಡೆಯಿತು. ಆ ಚರ್ಚೆಯಲ್ಲಿ ಯಾರ ಮಾತು ಸರಿ ಎಂಬುದು ಚಾರ್ಟಿಗೆ ಬೇಡ, ಆದರೆ ಕೆಳಗಿನಿಂದ ತೆಗೆದ ಫೋಟೊದಲ್ಲಿ ದವಡೆ ದೊಡ್ಡದಾಗಿ ಹಣೆ ಕಿರಿದಾಗುವುದಂತೂ ಖಂಡಿತ. ಅದನ್ನು ನೋಡಿ ಬರೆದ ಸಿಂಹ ಸಿನಿಮಾ ಖಳನಾಯಕನಂತೆ ಕಾಣುತ್ತದೆ. ಮೂರನೆಯದು ನಾಡಕಚೇರಿಯ ಯಾವುದೋ ಪ್ರಮಾಣಪತ್ರದ ಜೆರಾಕ್ಸಿನ ಜೆರಾಕ್ಸು. ರಾಜ್ಯ ಲಾಂಛನ ಬರೆಯುವವರು ಮನೆಯಲ್ಲಿ ಸಿಗುತ್ತದೆಂದು ಇದನ್ನೇ ತರುತ್ತಾರೆ. ಅದರಲ್ಲಿ ಆನೆಮುಖದ ಕಾವಲು ಮೃಗ ಶರಭದ ಸೊಂಡಿಲೂ ಎಲೆಯ ಸಾಲೂ ಒಂದೇ ಕಪ್ಪು ಮುದ್ದೆಯಾಗಿರುತ್ತವೆ.

ಹತ್ತಿರದಿಂದ ನೋಡುವುದಕ್ಕೆ 500ರ ನೋಟು ಒಳ್ಳೆಯದು. ಮುಂಬದಿಯ ಬಲಕ್ಕಿರುವ ಅಶೋಕ ಸ್ತಂಭದ ಲಾಂಛನ ಉಬ್ಬಚ್ಚಿನಲ್ಲಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ತರಿತರಿಯಾಗಿ ತಾಕುತ್ತದೆ. ಲ್ಯಾಬಿನ ಭೂತಗನ್ನಡಿ ಹಿಡಿದು ಗೆರೆಗಳನ್ನು ತೋರಿಸಿ. ಬರೀ ಗೆರೆಯಲ್ಲಿ ನೆರಳು ಕೊಡುವುದೆಂದರೆ ಹೇಗೆ ಎಂದು ಉಪದೇಶವಿಲ್ಲದೆ ತಿಳಿಯುತ್ತದೆ.

ಸಾಮಾನು

ಫುಲ್ ಸೈಜ್ ಡ್ರಾಯಿಂಗ್ ಶೀಟು ಎರಡು. ಇದು 22 × 28 ಇಂಚು, ಅಂದರೆ ಸುಮಾರು 56 × 71 ಸೆಂ.ಮೀ. ಮಿರುಗುವ ಬಣ್ಣದ ಚಾರ್ಟು ಬೇಡ, ಪೋಸ್ಟರ್ ಕಲರ್ ಅದರ ಮೇಲೆ ನಿಲ್ಲುವುದಿಲ್ಲ. 2ಎಚ್ ಮತ್ತು 2ಬಿ ಪೆನ್ಸಿಲ್, ಉದ್ದದ ಸ್ಕೇಲು, ಕಂಪಾಸ್ ಬಾಕ್ಸು, ಒಂದು ಬಟರ್ ಪೇಪರ್, ನೀರಿಗೆ ಕದಡದ ಕಪ್ಪು ಇಂಕಿನ ತೆಳು ಮೊನೆಯ ಪೆನ್ನು. ಸ್ಕೆಚ್ ಪೆನ್ ಸಾಲದು, ರಬ್ಬರ್ ತಾಗಿದ ಕೂಡಲೇ ಬೂದಿಯಂತೆ ಹರಡುತ್ತದೆ. ಪೋಸ್ಟರ್ ಕಲರಿನಲ್ಲಿ ಕೆಂಪು, ಹಳದಿ, ನೀಲಿ, ಹಸಿರು, ಕಪ್ಪು ಒಂದೊಂದು ಸಣ್ಣ ಸೀಸೆ ಸಾಕು. ಬ್ರಷ್ಷು ದುಂಡು ಮೊನೆಯ 2 ಮತ್ತು 6ನೇ ನಂಬರು.

ಚೌಕಳಿ ಹಾಕುವುದು

ಅನುಬಂಧ ಎರಡರ ಚಿತ್ರವನ್ನು ಧ್ಯೇಯವಾಕ್ಯವೂ ಸೇರಿ 15 ಸೆಂ.ಮೀ. ಎತ್ತರ ಬರುವಂತೆ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ಪ್ರಿಂಟ್ ಮಾಡುವಾಗ ಅಗಲವನ್ನು ಬೇರೆಯಾಗಿ ಎಳೆಯಬೇಡಿ. ಎತ್ತರ ಹೇಳಿದರೆ ಅಗಲ ತಾನಾಗಿ ಬರಲಿ. ನಡು ಸಿಂಹದ ಮೂಗಿನ ಮೇಲಿನಿಂದ ಚಕ್ರದ ನಡುವಿನವರೆಗೆ ಒಂದು ಲಂಬಗೆರೆ ಎಳೆಯಿರಿ, ಇದು ನಡುಗೆರೆ. ಅದರ ಎರಡೂ ಪಕ್ಕ 1 ಸೆಂ.ಮೀ. ಅಂತರದಲ್ಲಿ ಲಂಬಗೆರೆಗಳು, ಮೇಲಿನಿಂದ ಕೆಳಗೆ 16 ಅಡ್ಡಗೆರೆಗಳು. 15 ಸಾಲು ಚೌಕ ಆಯಿತು.

ಡ್ರಾಯಿಂಗ್ ಶೀಟನ್ನು ಉದ್ದುದ್ದ ಇಟ್ಟು ಇದೇ ಚೌಕಳಿಯನ್ನು 3 ಸೆಂ.ಮೀ. ಅಂತರದಲ್ಲಿ 2ಎಚ್ ಪೆನ್ಸಿಲಿನಲ್ಲಿ ಕಂಡೂ ಕಾಣದಂತೆ ಎಳೆಯಿರಿ. ಲಾಂಛನ 45 ಸೆಂ.ಮೀ. ಎತ್ತರ ಬರುತ್ತದೆ. ಮೇಲೆ 7 ಸೆಂ.ಮೀ. ಬಿಟ್ಟರೆ ಕೆಳಗೆ ವಿವರಣೆಗೆ 19 ಸೆಂ.ಮೀ. ಉಳಿಯುತ್ತದೆ. ನಾಲ್ಕು ಪಟ್ಟು ಹಿಗ್ಗಿಸಿ 60 ಸೆಂ.ಮೀ. ಮಾಡುವ ಆಸೆ ಎಲ್ಲರಿಗೂ. ಹಾಗೆ ಮಾಡಿದವರು ಕೊನೆಗೆ ಹೆಸರು, ತರಗತಿ, ವಿವರಣೆ ಎಲ್ಲವನ್ನೂ ಸಿಂಹದ ಕಾಲಬುಡಕ್ಕೆ ತುರುಕುತ್ತಾರೆ.

ಚೌಕಗಳಿಗೆ ಹೆಸರಿಡುವಾಗ ನಡುಗೆರೆಯಿಂದ ಆಚೀಚೆ ಎಣಿಸಿ: ಎಡಕ್ಕೆ ಎ1, ಎ2, ಎ3, ಬಲಕ್ಕೆ ಬ1, ಬ2, ಬ3. ಸಾಲುಗಳಿಗೆ ಮೇಲಿನಿಂದ 1ರಿಂದ 15. ಅ, ಆ, ಇ ಎಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ನಡುವೆ ಒಂದು ಚೌಕ ತಪ್ಪಿದರೂ ಗೊತ್ತಾಗುವುದಿಲ್ಲ. ನಡುವಿನಿಂದ ಎಣಿಸಿದರೆ ಎಡ ಸಿಂಹ ನಾಲ್ಕನೇ ಚೌಕಕ್ಕೆ ಮುಗಿದು ಬಲ ಸಿಂಹ ಐದಕ್ಕೆ ಹೋದಾಗ ಕಣ್ಣಿಗೆ ಚುಚ್ಚುತ್ತದೆ.

ಇಲ್ಲೊಂದು ಅಡ್ಡದಾರಿ ಇದೆ, ಅದರ ಗುಂಡಿಯೂ ಅಲ್ಲೇ. ಸಿಂಹಗಳು ಹೆಚ್ಚುಕಡಿಮೆ ಕನ್ನಡಿ ಬಿಂಬದಂತಿರುವುದರಿಂದ ಅರ್ಧ ಬರೆದು, ಬಟರ್ ಪೇಪರಿಗೆ ಇಳಿಸಿ, ಮಗುಚಿ ಇನ್ನರ್ಧ ಒತ್ತುವುದು ರೂಢಿ. ಸಿಂಹಗಳ ಮಟ್ಟಿಗೆ ಮಾಡಬಹುದು. ಪೀಠಕ್ಕೆ ಬಂದಾಗ ನಿಲ್ಲಿಸಿ. ಅದೇ ಭರದಲ್ಲಿ ಪೀಠವನ್ನೂ ಮಗುಚಿದರೆ ಗೂಳಿಯ ಜಾಗದಲ್ಲಿ ಇನ್ನೊಂದು ಕುದುರೆ ಕೂತಿರುತ್ತದೆ. ಚಾರ್ಟುಗಳಲ್ಲಿ ಕಾಣುವ ಜೋಡಿ ಕುದುರೆಯ ಗುಟ್ಟು ಇಷ್ಟೇ.

ಸಿಂಹ

ಮೊದಲು ನಡುವಿನ ಸಿಂಹದ ಮುಖ. ಎರಡು ಕಣ್ಣು, ಮೂಗು, ಬಾಯಿಯ ಅಂಚು ಇಷ್ಟನ್ನೇ ಚೌಕ ನೋಡಿ ಗುರುತು ಹಾಕಿ, ಆಮೇಲೆ ಮುಖದ ಸುತ್ತಳತೆ. ಹೊರಗೆರೆಯಿಂದ ಶುರುಮಾಡಿದರೆ ಕಣ್ಣು ಹಣೆಗೇರುತ್ತದೆ. ಪಕ್ಕದ ಸಿಂಹಗಳು ಬರೀ ಪಾರ್ಶ್ವನೋಟ, ಒಂದೊಂದೇ ಕಣ್ಣು.

ಕೇಸರ ಹೆಚ್ಚು ಹೊತ್ತು ತಿನ್ನುತ್ತದೆ. ಅದು ನಿಜವಾದ ಸಿಂಹದ ಕೂದಲಲ್ಲ. ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು ಕವಿದ ಸುರುಳಿಗಳ ಸಾಲು. ಮೇಲಿನ ಸಾಲು ಕೆಳಗಿನದನ್ನು ಮುಚ್ಚುತ್ತದೆ, ಆದ್ದರಿಂದ ಮೇಲಿನಿಂದ ಕೆಳಗೆ ಬರೆಯುತ್ತ ಬನ್ನಿ. ಕೆಳಗಿನಿಂದ ಹೋದರೆ ಪ್ರತಿ ಸುರುಳಿಯ ತಲೆಯನ್ನೂ ಅಳಿಸಬೇಕಾಗುತ್ತದೆ. ಆಮೇಲೆ ಶೀಟಿನ ಮೈ ತರಚಿ ಇಂಕು ಹಬ್ಬುತ್ತದೆ. ಮಾದರಿಯಲ್ಲಿ ಎಷ್ಟು ಸಾಲಿವೆಯೋ ಎಣಿಸಿ, ಅಷ್ಟೇ ಬರೆಯಿರಿ.

ಮುಖಭಾವ ಗಂಭೀರವಾಗಿರಲಿ. ಸಂವಿಧಾನದ ಮೂಲ ಪ್ರತಿಯ ಅಲಂಕಾರ ನಂದಲಾಲ್ ಬೋಸರ ತಂಡದ್ದು. ಅದರಲ್ಲಿ ಲಾಂಛನ ಬರೆಯುವ ಕೆಲಸ ಬಿದ್ದದ್ದು ಆಗ ಶಾಂತಿನಿಕೇತನದ ವಿದ್ಯಾರ್ಥಿಯಾಗಿದ್ದ ದೀನಾನಾಥ ಭಾರ್ಗವ ಅವರ ಪಾಲಿಗೆ. ಅವರು ಕೋಲ್ಕತ್ತದ ಮೃಗಾಲಯಕ್ಕೆ ಹೋಗಿ ಸಿಂಹಗಳನ್ನು ನೋಡಿ ಅಭ್ಯಾಸ ಮಾಡಿದ್ದರು. ಅಷ್ಟು ದೂರ ಹೋಗಲಾಗದವರು ಹುಬ್ಬನ್ನು ಮೂಗಿನ ಕಡೆ ಇಳಿಜಾರು ಎಳೆಯದಿದ್ದರೆ ಸಾಕು. ಆ ಒಂದು ಇಳಿಜಾರೇ ಸಿಂಹವನ್ನು ಸಿಟ್ಟಿನ ಕಾರ್ಟೂನಾಗಿಸುತ್ತದೆ.

ಚಕ್ರದ 24

ನಡುಚಕ್ರಕ್ಕೆ 24 ಅರಗಳು. ಅರ ಅಂದರೆ ಗಾಡಿ ಚಕ್ರದ ಕಡ್ಡಿ. ಕೈಯಂದಾಜಿನಲ್ಲಿ ಎಳೆದರೆ 20ಕ್ಕೋ 27ಕ್ಕೋ ನಿಲ್ಲುತ್ತದೆ. ಕೈವಾರದಲ್ಲಿ ವೃತ್ತ ಎಳೆದು, ಅಗಲ ಬದಲಿಸದೆ ಅದೇ ತ್ರಿಜ್ಯದಿಂದ ಸುತ್ತಲೂ ಗುರುತು ಹಾಕುತ್ತ ಹೋದರೆ ಸರಿಯಾಗಿ ಆರು ಗುರುತು. ಮೊದಲ ಗುರುತು ನಡುಗೆರೆಯ ಮೇಲೇ ಇರಲಿ. ಆರನ್ನು ಅರ್ಧಿಸಿದರೆ 12, ಮತ್ತೆ ಅರ್ಧಿಸಿದರೆ 24. ಕೋನಮಾಪಕ ಇಟ್ಟವರು 15 ಡಿಗ್ರಿಗೊಂದು ಚುಕ್ಕೆ ಇಡಲಿ. ಹತ್ತನೇ ತರಗತಿಯ ಗಣಿತ ಮೇಷ್ಟ್ರಿಗೆ ಈ ಭಾಗ ಒಪ್ಪಿಸಿಬಿಡಿ, ಖುಷಿಯಿಂದ ಮಾಡಿಸುತ್ತಾರೆ.

ತೊಂದರೆ ಇರುವುದು ಗುಂಬದ, ಅಂದರೆ ಅರಗಳೆಲ್ಲ ಸೇರುವ ನಡುವಿನ ದುಂಡಿನ ಹತ್ತಿರ. ಚಕ್ರದ ಅಡ್ಡಳತೆ 4.5 ಸೆಂ.ಮೀ. ಇದ್ದರೆ ಹೊರಬಳೆಯಲ್ಲಿ ಅರದಿಂದ ಅರಕ್ಕೆ ಸುಮಾರು 6 ಮಿ.ಮೀ. ಜಾಗ ಸಿಗುತ್ತದೆ. ಒಳಗೆ 8 ಮಿ.ಮೀ. ಅಡ್ಡಳತೆಯ ಗುಂಬಕ್ಕೆ ಬರುವಷ್ಟರಲ್ಲಿ ಅದು 1 ಮಿ.ಮೀ.ಗೆ ಇಳಿದಿರುತ್ತದೆ. ಪೆನ್ನಿನ ಮೊನೆಯೇ ಅರ್ಧ ಮಿ.ಮೀ. 24 ಗೆರೆಯೂ ಗುಂಬ ಮುಟ್ಟಿದರೆ ನಡುವೆ ಇಂಕಿನ ಬೊಟ್ಟು. ಆದ್ದರಿಂದ ಅರವನ್ನು ಹೊರಗಿನಿಂದ ಒಳಕ್ಕೆ ಎಳೆಯಿರಿ, ಗುಂಬ ಕೂದಲೆಳೆಯಷ್ಟು ದೂರ ಇರುವಾಗಲೇ ಪೆನ್ನು ಎತ್ತಿ. ಎದುರುಬದುರಿನ ಎರಡೆರಡು ಅರ ಎಳೆದು ಒಂದು ನಿಮಿಷ ಒಣಗಲು ಬಿಟ್ಟು ಮುಂದಿನ ಜೋಡಿಗೆ ಹೋಗಿ. ಸಾಲಾಗಿ ಸುತ್ತಿದರೆ ಅಂಗೈ ಹಸಿ ಗೆರೆಯ ಮೇಲೆ ಬೀಳುತ್ತದೆ.

ತುದಿಯ ಎರಡು ಚಕ್ರಗಳು ಪೀಠದ ತಿರುವಿಗೆ ಸರಿದು ಅಂಚು ಮಾತ್ರ ಕಾಣುವಂಥವು. ಅವನ್ನೂ ದುಂಡಗೆ ಬರೆದು 24 ಅರ ತುಂಬಿದರೆ ದುಂಡು ಪೀಠ ಹಲಗೆಯಾಗುತ್ತದೆ.

ಧ್ಯೇಯವಾಕ್ಯ

'ಸತ್ಯಮೇವ ಜಯತೇ' ಮುಂಡಕೋಪನಿಷತ್ತಿನ ಮೂರನೇ ಮುಂಡಕದ ಮೊದಲ ಖಂಡದ ಆರನೇ ಮಂತ್ರದ್ದು. ಸಾಲು ಮುಂದುವರಿದು 'ನಾನೃತಂ' ಎನ್ನುತ್ತದೆ: ಗೆಲ್ಲುವುದು ಸತ್ಯವೇ, ಸುಳ್ಳಲ್ಲ. ಲಾಂಛನದಲ್ಲಿ ಅದು ದೇವನಾಗರಿ ಲಿಪಿಯಲ್ಲೇ ಇರಬೇಕು. ಧ್ಯೇಯವಾಕ್ಯವಿಲ್ಲದ ಲಾಂಛನ ಅಪೂರ್ಣ. ಕನ್ನಡದಲ್ಲಿ ಬೇಕಾದರೆ ಕೆಳಗಿನ ವಿವರಣೆಯಲ್ಲಿ ಬರೆಯಿರಿ. ಅಲ್ಲಿ 'ಜಯತೆ' ಎಂದು ಹ್ರಸ್ವ ಮಾಡಬೇಡಿ, ಸಂಸ್ಕೃತದಲ್ಲಿ ಏಕಾರ ಯಾವಾಗಲೂ ದೀರ್ಘ.

ನಾಗರಿ ಅಕ್ಷರದಲ್ಲಿ ನಮ್ಮ ಮಕ್ಕಳು ತಪ್ಪುವ ಜಾಗ ನಾಲ್ಕು. 'ಮೇ', 'ತೇ' ಮೇಲಿನ ಓರೆಗೆರೆ ಒಂದೇ ಇರಬೇಕು, ಎರಡಾದರೆ 'ಮೈ', 'ತೈ'. 'ವ'ದ ಹೊಟ್ಟೆಯೊಳಗೆ ಗೆರೆ ಬಿದ್ದರೆ 'ಬ' ಆಗುತ್ತದೆ. 'ಯ'ದ ಎಡತುದಿಯನ್ನು ಸುರುಳಿ ಸುತ್ತಿದರೆ 'ಥ'. 'ತ್ಯ'ದಲ್ಲಿ ಮೊದಲ 'ತ'ಗೆ ನೆಟ್ಟಗೆರೆ ಇಲ್ಲ, ಅದು ಅರ್ಧಾಕ್ಷರವಾಗಿ 'ಯ'ಗೆ ಒರಗಿಕೊಳ್ಳುತ್ತದೆ. ನಮ್ಮ ಒತ್ತಕ್ಷರದಂತೆ 'ಯ'ವನ್ನು ಕೆಳಗೆ ನೇತುಹಾಕಬಾರದು. ತಲೆಗೆರೆ ಮೊದಲ ನಾಲ್ಕು ಅಕ್ಷರಕ್ಕೆ ಒಂದು, ಜಾಗ ಬಿಟ್ಟು ಮುಂದಿನ ಮೂರಕ್ಕೆ ಇನ್ನೊಂದು. ಇಂಕು ಹಾಕುವ ಮೊದಲು ಹಿಂದಿ ಮೇಡಂ ಒಮ್ಮೆ ನೋಡಲಿ.

ಇಂಕು ಒಣಗಲು ಅರ್ಧ ಗಂಟೆ ಬಿಟ್ಟು ಚೌಕಳಿ ಅಳಿಸಿ. ನೆರಳಿಗೆ ಒತ್ತೊತ್ತಾದ ಸಣ್ಣ ಗೆರೆಗಳು ಸಾಕು. ಕೇಸರಿ, ಬಿಳಿ, ಹಸಿರು ಬಳಿಯುವ ಆಸೆ ಬಂದರೆ ಹತ್ತಿಕ್ಕಿ. ಧ್ವಜ ಬೇರೆ, ಲಾಂಛನ ಬೇರೆ.

ಎರಡನೇ ಶೀಟು: ಗಂಡಭೇರುಂಡ

ರಾಜ್ಯ ಲಾಂಛನ ಮೈಸೂರು ಸಂಸ್ಥಾನದ ಲಾಂಛನದಿಂದ ಬೆಳೆದದ್ದು. ಸಂಸ್ಥಾನದ ಧ್ಯೇಯವಾಕ್ಯ 'ನ ಬಿಭೇತಿ ಕದಾಚನ', ಎಂದೂ ಅಂಜುವುದಿಲ್ಲ ಎಂದರ್ಥ. ಆ ಜಾಗಕ್ಕೆ 'ಸತ್ಯಮೇವ ಜಯತೇ' ಬಂತು, ಗುರಾಣಿಯ ನೆತ್ತಿಗೆ ಸಾರನಾಥದ ಸಿಂಹಗಳು ಬಂದವು. ಹಕ್ಕಿ ಮಾತ್ರ ನಾಡಿನ ಹಳೆಯ ಹಕ್ಕಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಭೇರುಂಡ ಸ್ತಂಭ ಇಂದಿಗೂ ನಿಂತಿದೆ.

ಬಣ್ಣದ ಹಂಚಿಕೆ ಹೀಗೆ: ಕೆಂಪು ಗುರಾಣಿ, ಅದಕ್ಕೆ ನೀಲಿ ಅಂಚು, ಒಳಗೆ ಬಿಳಿ ಗಂಡಭೇರುಂಡ. ಎರಡೂ ಪಕ್ಕ ಹಳದಿ ಮೈ, ಕೆಂಪು ಕೇಸರದ ಶರಭಗಳು, ಸಿಂಹದ ಒಡಲಿಗೆ ಆನೆಯ ಮುಖ. ಅವು ನಿಂತ ನೆಲ ಹಸಿರು ಎಲೆಯದು. ಮೇಲಿನ ಸಿಂಹಗಳ ಪೀಠ ನೀಲಿ. ಕೆಳಗೆ ಕಪ್ಪು ನಾಗರಿ ಅಕ್ಷರದಲ್ಲಿ ಧ್ಯೇಯವಾಕ್ಯ. ಹಕ್ಕಿಗೆ ಮೈ ಒಂದು, ತಲೆ ಎರಡು, ಕೊಕ್ಕುಗಳು ಆಚೀಚೆ ಹೊರಕ್ಕೆ ತಿರುಗಿರಬೇಕು. ಎದುರುಬದುರು ಮಾಡಿದರೆ ಎರಡು ಗಿಳಿ ಮಾತಾಡುವಂತಿರುತ್ತದೆ. ಗೂಗಲ್ಲಿನಲ್ಲಿ ಸಿಗುವ ರಷ್ಯಾದ ಎರಡು ತಲೆಯ ಹದ್ದನ್ನು ನೋಡಿ ಕಿರೀಟ ತೊಡಿಸುವವರೂ ಇದ್ದಾರೆ.

ಈ ಶೀಟಿಗೂ ಚೌಕಳಿ ಹಾಕಿಯೇ ಬರೆಯಿರಿ, ಆದರೆ ಬಣ್ಣಕ್ಕೆ ಮುಂಚೆಯೇ ಅದನ್ನು ಅಳಿಸಿ. ಹಳದಿಯ ಅಡಿ ಪೆನ್ಸಿಲ್ ಗೆರೆ ಕಾಣುತ್ತಲೇ ಇರುತ್ತದೆ, ಮೇಲೆ ಬಣ್ಣ ಬಿದ್ದಮೇಲೆ ರಬ್ಬರ್ ಕೆಲಸ ಮಾಡುವುದಿಲ್ಲ. ಹದ ಮೊಸರಿನಷ್ಟಿರಲಿ. ಮಜ್ಜಿಗೆಯಾದರೆ ಶೀಟು ನೀರು ಕುಡಿದು ಸುಕ್ಕಾಗುತ್ತದೆ, ಗಟ್ಟಿಯಾದರೆ ಒಣಗಿದ ಮೇಲೆ ಬಿರುಕು. ತಿಳಿ ಬಣ್ಣ ಮೊದಲು: ಹಳದಿ, ಹಸಿರು, ಆಮೇಲೆ ಕೆಂಪು, ನೀಲಿ, ಕೊನೆಗೆ ಕಪ್ಪು. ಬಿಳಿ ಹಕ್ಕಿಗೆ ಬಿಳಿ ಬಣ್ಣ ಬಳಿಯಬೇಡಿ, ಕಾಗದವನ್ನೇ ಉಳಿಸಿ. ಕೆಂಪಿನ ಮೇಲೆ ಬಿಳಿ ಹಾಕಿದರೆ ಅರ್ಧ ಗಂಟೆಯಲ್ಲಿ ಹಕ್ಕಿ ಗುಲಾಬಿಗೆ ತಿರುಗುತ್ತದೆ. ಹಕ್ಕಿಯ ಸುತ್ತ 2ನೇ ನಂಬರ್ ಬ್ರಷ್ಷಿನಲ್ಲಿ ಕೆಂಪು ಗೆರೆ ಕಟ್ಟಿ, ಅದು ಒಣಗಿದ ಮೇಲೆ ಹೊರಗಿನ ಜಾಗವನ್ನು 6ರಲ್ಲಿ ತುಂಬಿ. ಕೆಂಪು ಮತ್ತು ನೀಲಿ ಅಂಚಿನ ನಡುವೆ ಕೂದಲೆಳೆ ಜಾಗ ಬಿಟ್ಟರೆ ನೇರಳೆ ಕಲೆ ಇರದು.

ಚಿಕ್ಕಬಳ್ಳಾಪುರದ ಕಡೆ, ಅದರಲ್ಲೂ ನಂದಿ ಬೆಟ್ಟದ ಬುಡದ ಊರುಗಳಲ್ಲಿ ಜನವರಿಯ ಇಬ್ಬನಿ ಪೋಸ್ಟರ್ ಕಲರಿಗೆ ಶತ್ರು. ರಾತ್ರಿ ವರಾಂಡದಲ್ಲಿ ಒಣಗಲು ಬಿಟ್ಟ ಚಾರ್ಟು ಬೆಳಗ್ಗೆ ಅಂಟಂಟಾಗಿ, ಅಂಚು ಸುರುಳಿಯಾಗಿರುತ್ತದೆ. ಕೋಣೆಯೊಳಗೆ ಬೆಂಚಿನ ಮೇಲೆ ಮಲಗಿಸಿ ಒಣಗಿಸಿ. ಬಿಸಿಲಿಗೂ ಇಡಬೇಡಿ, ಒಂದು ಮಗ್ಗುಲು ಬೇಗ ಒಣಗಿ ಶೀಟು ಬಾಗುತ್ತದೆ.

ಎಲ್ಲಿ ಹಾಕಬಹುದು, ಎಲ್ಲಿ ಕೂಡದು

ಇದನ್ನು ಓದದೆ ದಾಟಬೇಡಿ. ರಾಷ್ಟ್ರ ಲಾಂಛನದ ಅನುಚಿತ ಬಳಕೆ ತಡೆಯಲು 2005ರ ಕಾಯ್ದೆ ಇದೆ. ಅದರಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿದೆ. ತದ್ರೂಪು ಮಾತ್ರವಲ್ಲ, ಸರ್ಕಾರದ್ದೆಂದು ಭ್ರಮೆ ಹುಟ್ಟಿಸುವ ಹೋಲಿಕೆಯೂ ಅದರ ವ್ಯಾಪ್ತಿಗೆ ಬರುತ್ತದೆ. 2007ರ ನಿಯಮಗಳ ಪ್ರಕಾರ ಅಧಿಕಾರ ಪಡೆಯದ ಸಮಿತಿ, ಬ್ಯಾಂಕು, ನಗರಸಭೆ, ಪಂಚಾಯತ್ ಸಂಸ್ಥೆ, ವಿಶ್ವವಿದ್ಯಾಲಯ, ಸಂಘಸಂಸ್ಥೆ ಯಾರೂ ಲಾಂಛನ ಬಳಸುವಂತಿಲ್ಲ. ಮಾಜಿ ಶಾಸಕರಿಗೂ ನಿವೃತ್ತ ಅಧಿಕಾರಿಗಳಿಗೂ ಅದೇ ಮಾತು. ಲಾಂಛನದ ಹುಟ್ಟು, ಅರ್ಥ ವಿವರಿಸಲು ಪುಸ್ತಕದ ಅಧ್ಯಾಯದೊಳಗೆ ಚಿತ್ರ ಹಾಕಲು ನಿಯಮದಲ್ಲೇ ಅವಕಾಶವಿದೆ. ಆದರೆ ಸರ್ಕಾರಿ ಪ್ರಕಟಣೆ ಎನ್ನಿಸುವಂತೆ ರಕ್ಷಾಪುಟದಲ್ಲಿ ಹಾಕುವಂತಿಲ್ಲ.

ಇದೇ ಧಾಟಿಯಲ್ಲಿ ನಡೆಯಿರಿ. ಚಾರ್ಟಿನ ತಲೆಯ ಮೇಲೆ 'ಪಾಠ: ನಮ್ಮ ರಾಷ್ಟ್ರ ಲಾಂಛನ' ಎಂದಿರಲಿ, ಶಾಲೆಯ ಹೆಸರು ಕೆಳಗಿನ ಮೂಲೆಗೆ ಹೋಗಲಿ. ಲಾಂಛನದ ನೆತ್ತಿಯ ಮೇಲೋ ಬುಡದಲ್ಲೋ ಶಾಲೆಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದರೆ ಅದು ಪಾಠದ ಚಿತ್ರವಾಗಿ ಉಳಿಯದೆ ಶಾಲೆಯ ಬೋರ್ಡಾಗಿ ಬಿಡುತ್ತದೆ. ಬಹುಮಾನದ ಪ್ರಮಾಣಪತ್ರ, ಗುರುತಿನ ಚೀಟಿ, ಆಹ್ವಾನ ಪತ್ರಿಕೆ, ವೇದಿಕೆಯ ಫ್ಲೆಕ್ಸು ಇವುಗಳಿಗೆ ಚಾರ್ಟಿನ ಫೋಟೊ ತೆಗೆದು ಹಾಕುವ ಕೆಲಸ ಬೇಡವೇ ಬೇಡ. ಫ್ಲೆಕ್ಸ್ ಅಂಗಡಿಯ ಹುಡುಗ 'ಮೇಲೆ ಖಾಲಿ ಕಾಣ್ತದೆ ಸಾರ್, ಸಿಂಹ ಹಾಕ್ಲಾ?' ಎಂದು ಕೇಳಿಯೇ ಕೇಳುತ್ತಾನೆ. ಬೇಡ ಎಂದು ಮೊದಲೇ ಬರೆದುಕೊಡಿ. ನೆಲದ ಮೇಲೆ ರಂಗೋಲಿಯಲ್ಲಿ ಬಿಡಿಸುವುದೂ ಒಳ್ಳೆಯದಲ್ಲ, ಧ್ವಜವಂದನೆ ಮುಗಿದ ಕೂಡಲೇ ಮಕ್ಕಳು ಸಿಹಿಗೆ ಓಡುವ ದಾರಿ ಅದೇ.

ಶಾಲೆಗೋ ಸಂಘಕ್ಕೋ ಸ್ವಂತ ಲಾಂಛನ ಬೇಕೆಂದರೆ ಗುರಾಣಿಯ ಚೌಕಟ್ಟು ಇಟ್ಟುಕೊಂಡು ಒಳಗಿನದನ್ನು ಊರಿನಿಂದ ತನ್ನಿ. ತಿಪಟೂರಿಗೆ ತೆಂಗಿದೆ, ಶಿಡ್ಲಘಟ್ಟಕ್ಕೆ ರೇಷ್ಮೆಗೂಡಿದೆ, ಕೋಲಾರಕ್ಕೆ ಚಿನ್ನದ ಗಣಿಯ ಗೋಪುರವಿದೆ, ಮೂರೂ ಜಿಲ್ಲೆಗೆ ರಾಗಿ ತೆನೆಯಿದೆ. ಒಂದೇ ಆರಿಸಿ. 3 ಸೆಂ.ಮೀ. ರಬ್ಬರ್ ಸ್ಟಾಂಪಿನಲ್ಲಿ ಒತ್ತಿದಾಗ ಗುರುತು ಹತ್ತದಿದ್ದರೆ ತುಂಬಿದ್ದು ಹೆಚ್ಚಾಯಿತೆಂದೇ ಲೆಕ್ಕ.

ನೇತುಹಾಕುವುದು, ಎತ್ತಿಡುವುದು

ವಿವರಣೆಯ ಅಕ್ಷರ ಒಂದೂವರೆ ಸೆಂ.ಮೀ. ಎತ್ತರವಿದ್ದರೆ ಎರಡು ಮೀಟರ್ ದೂರದಿಂದ ಆರಾಮಾಗಿ ಓದಬಹುದು. ಐದಾರು ಸಾಲು ಮೀರಬೇಡಿ. ಹಿಂಬದಿಗೆ ರಟ್ಟು ಅಂಟಿಸುವುದಾದರೆ ಫೆವಿಕಾಲ್ ತೆಳ್ಳಗೆ ಸವರಿ. ಮೈದಾ ಅಂಟು ಮಳೆಗಾಲದ ಹೊತ್ತಿಗೆ ಜಿರಳೆಯ ಪಾಲು. ಪ್ರದರ್ಶನದಲ್ಲಿ 'ನಾಲ್ಕನೇ ಸಿಂಹ ಎಲ್ಲಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಜೇಡಿಮಣ್ಣಿನಲ್ಲಿ ಬೆನ್ನಿಗೆ ಬೆನ್ನು ಅಂಟಿದ ನಾಲ್ಕು ಒರಟು ಸಿಂಹ ಮಾಡಿ, ಚಪಾತಿ ಮಣೆಯ ಮೇಲಿಟ್ಟು ಚಾರ್ಟಿನ ಮುಂದೆ ಇಡಿ. ಕೇಳಿದವರು ತಾವೇ ಮಣೆ ತಿರುಗಿಸಿ ನೋಡಿಕೊಳ್ಳಲಿ.

ಮುಂದಿನ ವರ್ಷಕ್ಕೆ ಎತ್ತಿಡುವಾಗ ಮಡಚಬೇಡಿ. ಮೂರು ಇಂಚಿನ ಪಿವಿಸಿ ಪೈಪಿನ ತುಂಡಿಗೆ, ಬಣ್ಣದ ಮುಖ ಹೊರಗೆ ಬರುವಂತೆ, ಮೇಲೊಂದು ಬಟರ್ ಪೇಪರ್ ಸುತ್ತಿ ಸಡಿಲವಾಗಿ ಸುರುಳಿ ಮಾಡಿ. ಮುಖ ಒಳಗಿಟ್ಟು ಬಿಗಿಯಾಗಿ ಸುತ್ತಿದರೆ ಗುರಾಣಿಯ ಕೆಂಪು ಚಕ್ಕೆಯೆದ್ದು ಹಕ್ಕಿಯ ಮೇಲೆ ಉದುರುತ್ತದೆ.